ಕೇಳಿದ ಮೇಲೆ ಸುಮ್ಮನಿರುವುದು

ನಾನು ಎಂ.ಎಸ್ಸಿ. ಓದಲು ತುಮಕೂರಿಗೆ ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮೂರು ಕುಣಿಗಲ್ ತಾಲ್ಲೂಕಿನದು. ಅಪ್ಪ ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿಕೊಂಡು, ನಾನು ಟ್ರಂಕನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಕುಣಿಗಲ್ಲಿನಿಂದ ಖಾಸಗಿ ಬಸ್ಸಿನಲ್ಲಿ ನಿಂತೇ ಹೊರಟೆವು. ಹೆಬ್ಬೂರು ಬಂದಾಗ ಒಂದಷ್ಟು ಜನ ಇಳಿದು ನಮಗೆ ಸೀಟು ಸಿಕ್ಕಿತು. ಅಷ್ಟರಲ್ಲಿ ತುಮಕೂರು ಹತ್ತಿರ ಬಂದಿತ್ತು.

ಕಾಲೇಜಿನ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಎರಡಂತಸ್ತಿನ ಮನೆಯೇ ಹುಡುಗಿಯರ ಹಾಸ್ಟೆಲ್ಲು. ಬಾಗಿಲಲ್ಲಿ ವಾರ್ಡನ್ ಮೇಡಂ ನಿಂತಿದ್ದರು. ನಲವತ್ತು ದಾಟಿದ ವಯಸ್ಸು, ಗಂಜಿ ಹಾಕಿದ ಕಾಟನ್ ಸೀರೆ, ಮುಂಗೈಯ ಒಳಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಅಪ್ಪ ನಮಸ್ಕಾರ ಮಾಡಿ, "ನಮ್ ಮಗೀಗೆ ಕೆಳಗಡೆ ರೂಮೇ ಕೊಡಿ ಕಣವ್ವ, ಚಿಕ್ಕೋಳಿದ್ದಾಗ ಉಬ್ಬಸ ಇತ್ತು, ಮೆಟ್ಲು ಹತ್ತಿದ್ರೆ ಆಗಕಿಲ್ಲ" ಎಂದರು. ಮೇಡಂ ಅಪ್ಪನ ಮಾತನ್ನು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ನಿಂಗೆಲ್ಲಿ ಬೇಕಮ್ಮ?"

"ಎಲ್ಲಾದ್ರೂ ಸರಿ ಮೇಡಂ."

"ಎಲ್ಲಾದ್ರೂ ಅನ್ನೋ ರೂಮು ನಮ್ಮಲ್ಲಿಲ್ಲ. ಕೆಳಗೊಂದು ಖಾಲಿ ಇದೆ, ಅಡುಗೆಮನೆ ಪಕ್ಕ, ಹೊಗೆ ಬರುತ್ತೆ. ಮೇಲೊಂದಿದೆ, ಗಾಳಿ ಚೆನ್ನಾಗಿದೆ, ಮೆಟ್ಟಿಲಿದೆ. ಎರಡೂ ನೋಡ್ಕೊಂಡು ಬಾ. ಅಪ್ಪ ಇಲ್ಲೇ ಕೂತ್ಕೊಂಡು ಕಾಫಿ ಕುಡೀಲಿ."

ನಾನು ಎರಡನ್ನೂ ನೋಡಿದೆ. ಕೆಳಗಿನ ಕೋಣೆಯಲ್ಲಿ ಒಗ್ಗರಣೆಯ ಘಾಟಿಗೆ ಅಲ್ಲೇ ಕೆಮ್ಮು ಬಂತು. ಇಳಿದು ಬಂದು, "ಮೇಲಿನದು" ಎಂದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಅವರ ಮುಂದೆ ಹೊರಗಿನವರೊಬ್ಬರು ನನ್ನನ್ನು ಏನು ಬೇಕೆಂದು ಕೇಳಿದ್ದೂ ನಾನು ಉತ್ತರ ಕೊಟ್ಟಿದ್ದೂ ಅದೇ ಮೊದಲಿರಬೇಕು. "ಆಯ್ತು ಬುಡು, ಅವ್ಳಿಗೇ ಗೊತ್ತಲ್ಲ" ಎಂದು ಹಾಸಿಗೆಯನ್ನು ತಾವೇ ಮೇಲಕ್ಕೆ ಹೊತ್ತುಕೊಂಡು ಹೋದರು.

ಮೇಲಿನ ಕೋಣೆಯಲ್ಲಿ ಆಗಲೇ ಒಬ್ಬ ಹುಡುಗಿ ಇದ್ದಳು. ಗುಬ್ಬಿಯವಳು, ನನ್ನ ಹಾಗೇ ಕೆಮಿಸ್ಟ್ರಿಗೆ ಸೇರಿದವಳು. ಅವಳ ತಂದೆ ಗುಬ್ಬಿಯಲ್ಲಿ ಟೈಲರು. ಹುಡುಗಿಯ ದನಿ ಎಷ್ಟು ಸಣ್ಣದೆಂದರೆ, ಮೊದಲ ವಾರ ಹಾಜರಿ ಕೂಗುವಾಗ ಅವಳು "ಎಸ್ ಸರ್" ಎಂದದ್ದು ಯಾರಿಗೂ ಕೇಳದೆ ಗೈರುಹಾಜರಿ ಬಿದ್ದಿತ್ತು. ಅದನ್ನು ಸರಿಪಡಿಸಿಕೊಳ್ಳಲೂ ಅವಳು ಹೋಗಿರಲಿಲ್ಲ.

ಹೊಸದಾಗಿ ಬಂದವರನ್ನು ಮೇಡಂ ಊರಿಗೆ ಹೊಂದಿಸುತ್ತಿದ್ದ ರೀತಿಯೇ ಬೇರೆ. ಬಸ್ ಪಾಸಿನ ಕೌಂಟರು, ಬ್ಯಾಂಕು, ಲೈಬ್ರರಿ, ಬಿ.ಎಚ್. ರಸ್ತೆಯ ಲೇಡಿ ಡಾಕ್ಟರ ಕ್ಲಿನಿಕ್ಕು, ಎಲ್ಲ ಕಡೆಗೂ ಜೊತೆಯಲ್ಲಿ ಬರುತ್ತಿದ್ದರು. ಕೌಂಟರಿನವರೆಗೆ ಬಂದು ಎರಡು ಹೆಜ್ಜೆ ಹಿಂದೆ ನಿಂತುಬಿಡುತ್ತಿದ್ದರು. ಮಾತಾಡಬೇಕಾದವರು ನಾವು. ಬ್ಯಾಂಕಿನಲ್ಲಿ ಗುಮಾಸ್ತರು ನಮ್ಮನ್ನು ಬಿಟ್ಟು ಮೇಡಂ ಕಡೆ ನೋಡಿ, "ಏನಾಗ್ಬೇಕು ಮೇಡಂ?" ಎಂದಾಗ, ಅವರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಕೊನೆಗೆ ನಾನೇ ಬಾಯಿ ಬಿಡಬೇಕಾಯಿತು. ಹೊರಗೆ ಬಂದಾಗ ಅವರು ಹೇಳಿದ್ದು ಇಷ್ಟೇ: "ನಾಳೆಯಿಂದ ನಿನ್ನ ಮುಖ ಅವ್ರಿಗೆ ಗೊತ್ತಿರುತ್ತೆ. ಇವತ್ತು ನಾನು ಮಾತಾಡಿದ್ದಿದ್ರೆ ನಂದು ಗೊತ್ತಿರ್ತಿತ್ತು."

ಪಾವಗಡದ ಕಡೆಯಿಂದ ಬಂದಿದ್ದ ಒಬ್ಬಳಿಗೆ ಎರಡು ಹೊತ್ತೂ ಅನ್ನ ಸೇರುತ್ತಿರಲಿಲ್ಲ. ಮುದ್ದೆ ಇಲ್ಲದೆ ಮಂಕಾಗಿ ಕೂತಿರುತ್ತಿದ್ದಳು. ಅಷ್ಟು ಜನಕ್ಕೆ ಮುದ್ದೆ ತೊಳಸಲು ತೋಳು ಬರುವುದಿಲ್ಲವೆಂದು ಅಡುಗೆಯಾಕೆ ಹೇಳಿಬಿಟ್ಟಿದ್ದಳು. ಮೇಡಂ ಒಂದು ಮಾತಿನಲ್ಲಿ ಅಪ್ಪಣೆ ಮಾಡಬಹುದಿತ್ತು. ಮಾಡಲಿಲ್ಲ. "ಅವ್ಳಿಗೆ ಏನು ಕಷ್ಟ ಅಂತ ಕೇಳಿದ್ಯಾ?" ಎಂದು ಹುಡುಗಿಯನ್ನೇ ಕಳಿಸಿದರು. ಮಾತುಕತೆಯಾಗಿ, ವಾರದಲ್ಲಿ ಕೆಲವು ಸಂಜೆ ತೊಳಸುವುದಕ್ಕೆ ನಮ್ಮಲ್ಲಿ ಇಬ್ಬರು ಸರದಿಯ ಮೇಲೆ ಹೋಗುವುದೆಂದು ತೀರ್ಮಾನವಾಯಿತು. ಮುದ್ದೆಯ ಮರದ ಕೋಲು ಹಿಡಿದು ಬೆವರು ಸುರಿಸಿದ ಮೇಲೆ ಅಡುಗೆಯಾಕೆಯ ತೋಳಿನ ಮಾತು ನಮಗೂ ಅರ್ಥವಾಯಿತು. ಮುದ್ದೆ ತಿಂದ ದಿನದಿಂದ ಆ ಹುಡುಗಿ ಊರಿಗೆ ವಾಪಸ್ಸು ಹೋಗುವ ಮಾತು ಬಿಟ್ಟಳು.

ಮೇಡಂ ಮೊದಲು ಹಿರೇಹಳ್ಳಿಯ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದವರು. ಆಫೀಸಿನಲ್ಲಿ ಇದ್ದ ಹೆಂಗಸು ಅವರೊಬ್ಬರೇ. ಮ್ಯಾನೇಜ್‌ಮೆಂಟು ಮತ್ತು ಯೂನಿಯನ್ ಎದುರುಬದುರು ಕೂತು ಮಾತಾಡುವಾಗ, ಮೇಜಿನ ತುದಿಯಲ್ಲಿ ಕೂತು ನಡಾವಳಿ ಬರೆದುಕೊಳ್ಳುವುದು ಅವರ ಕೆಲಸ. ವರ್ಷಗಟ್ಟಲೆ ಎರಡೂ ಕಡೆಯವರನ್ನು ನೋಡಿದ್ದರು. ಯಾರು ಅವಸರಪಡುತ್ತಾರೆ, ಯಾರು ನೀರು ಕುಡಿಯುವ ನೆಪದಲ್ಲಿ ಯೋಚನೆ ಮಾಡುತ್ತಾರೆ, ಯಾರು ಮೇಜು ಗುದ್ದಿದ ಮೇಲೆ ಒಪ್ಪಿಕೊಳ್ಳುತ್ತಾರೆ, ಎಲ್ಲ ತಿಳಿದಿತ್ತು. ಒಂದು ಸಲ ಕಾರ್ಮಿಕರು ಟೀಗೆ ಹೆಚ್ಚಿನ ಬಿಡುವು ಕೇಳಿದರಂತೆ. ಕ್ಯಾಂಟೀನಿಗೆ ಹೋಗಿ ಬರುವಷ್ಟರಲ್ಲಿ ಮೆಷಿನ್ನು ನಿಲ್ಲುತ್ತದೆಂದು ಮ್ಯಾನೇಜರು ಬಿಲ್‌ಕುಲ್ ಒಪ್ಪಲಿಲ್ಲ. ಹಗ್ಗಜಗ್ಗಾಟ ಬಹಳ ದಿನ ನಡೆಯಿತು. ಕೊನೆಗೆ ಟೀಯನ್ನೇ ತಳ್ಳುಗಾಡಿಯಲ್ಲಿ ಮೆಷಿನ್ನಿನ ಹತ್ತಿರ ತರಿಸುವುದೆಂದು ಆಯಿತು. "ಒಬ್ರಿಗೆ ಬೇಕಿದ್ದಿದ್ದು ಟೀ. ಇನ್ನೊಬ್ರಿಗೆ ಭಯ ಇದ್ದಿದ್ದು ಮೆಷಿನ್ನು ನಿಲ್ಲುತ್ತೆ ಅಂತ. ಇಬ್ರೂ ಅದನ್ನ ಬಾಯಿಬಿಟ್ಟು ಹೇಳಿರಲೇ ಇಲ್ಲ" ಎನ್ನುತ್ತಿದ್ದರು.

ಅಷ್ಟೆಲ್ಲ ತಿಳಿದಿದ್ದವರು ಆ ಕೆಲಸ ಬಿಟ್ಟದ್ದೇಕೆ ಎಂದು ನಾವು ಒಮ್ಮೆ ಕೇಳಿದೆವು. ಅವರ ಮೇಲಿನ ಜಾಗ ಖಾಲಿಯಾದಾಗ, ಅವರಿಂದಲೇ ಕೆಲಸ ಕಲಿತ ಒಬ್ಬರಿಗೆ ಅದು ಹೋಯಿತಂತೆ. "ಅನ್ಯಾಯ ಅಲ್ವಾ ಮೇಡಂ?" ಎಂದೆ.

"ಅನ್ಯಾಯಾನೇ. ಆದ್ರೆ ನಂಗೆ ಬೇಕು ಅಂತ ನಾನೂ ಕೇಳಿರಲಿಲ್ಲ. ಅವರೇ ತಿಳ್ಕೊಂಡು ಕೊಡ್ತಾರೆ ಅಂತ ಕಾಯ್ತಾ ಕೂತಿದ್ದೆ. ಆಮೇಲೆ ಮ್ಯಾನೇಜರು ಹೇಳಿದ್ರು, ನಿಮಗೆ ಆಸೆ ಇದೆ ಅಂತ ಗೊತ್ತೇ ಇರಲಿಲ್ಲ ಅಂತ. ಅವರು ಸುಳ್ಳು ಹೇಳ್ತಿದ್ದಾರೆ ಅಂತ ಅನ್ನಿಸ್ಲಿಲ್ಲ ನಂಗೆ."

ಹಾಗೆ ಶುರುವಾಗಿದ್ದು ಅವರ ಭಾನುವಾರದ ಪಾಠ. ಊಟ ಮುಗಿದ ಮೇಲೆ ಹಜಾರದಲ್ಲಿ ಎರಡು ಬೆತ್ತದ ಕುರ್ಚಿ ಎದುರುಬದುರು ಹಾಕುತ್ತಿದ್ದರು. ಒಂದರಲ್ಲಿ ಅವರು. ಒಂದು ದಿನ ಮ್ಯಾನೇಜರು, ಇನ್ನೊಂದು ದಿನ ಪ್ರಿನ್ಸಿಪಾಲರು, ಮತ್ತೊಂದು ದಿನ ಬಾಡಿಗೆ ಮನೆಯ ಮಾಲೀಕರು. ಎದುರಿನ ಕುರ್ಚಿಯಲ್ಲಿ ನಮ್ಮಲ್ಲೊಬ್ಬಳು. ಉಳಿದವರು ಚಾಪೆಯ ಮೇಲೆ. ಮೊದಲ ಪಾಠ ಬಹಳ ಸರಳ: ಒಂದು ವಿಷಯ ಕೇಳಬೇಕು, ಕೇಳಿದ ಮೇಲೆ ಸುಮ್ಮನಿರಬೇಕು.

ಗುಬ್ಬಿಯ ಹುಡುಗಿಯ ಸರದಿ ಬಂತು. ಮೇಡಂ ಆಫೀಸಿನ ಮ್ಯಾನೇಜರು. ಅವಳು ಕಿಟಕಿಯ ಪಕ್ಕದ ಮೇಜು ಕೇಳಬೇಕು.

"ಸರ್, ನಂಗೆ ಆ ಕಿಟಕಿ ಹತ್ರದ ಟೇಬಲ್ಲು ಬೇಕಿತ್ತು." ಮೇಡಂ ಏನೂ ಅನ್ನಲಿಲ್ಲ. ಅವಳು ಸೆರಗಿನ ತುದಿ ಸುತ್ತಿಕೊಂಡಳು. "ಇಲ್ಲದಿದ್ರೂ ಪರವಾಗಿಲ್ಲ ಸರ್. ಇರೋದೇ ಸಾಕು."

"ಕೇಳಿದ್ದೂ ನೀನೇ, ಬೇಡ ಅಂದಿದ್ದೂ ನೀನೇ" ಎಂದರು ಮೇಡಂ. "ನಂಗೆ ಕೆಲಸಾನೇ ಇಲ್ವಲ್ಲ ಕಣೇ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಮ್ಮ ಸರದಿ ಬಂದಾಗ ನಾವೂ ಹಾಗೆಯೇ ಮಾಡಿದೆವು. ಎದುರಿಗಿರುವವರು ಸುಮ್ಮನಾದರೆ ಆ ಮೌನವನ್ನು ನಾವೇ ತುಂಬಬೇಕು, ಅದು ನಮ್ಮದೇ ತಪ್ಪು ಎಂಬಂತೆ ನಮ್ಮನ್ನು ಬೆಳೆಸಿದ್ದರು. ಆ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ನನಗೆ ಪರೀಕ್ಷೆಗೆ ಓದುವುದಕ್ಕಿಂತ ಹೆಚ್ಚು ಕಷ್ಟವಾಯಿತು. ಎರಡನೆಯ ಪಾಠ, ಎದುರಿಗಿರುವವರಿಗೆ ಯಾವುದರ ಭಯ ಎಂದು ಮೊದಲೇ ಊಹಿಸಿಕೊಂಡು ಹೋಗುವುದು.

ಇದೆಲ್ಲ ಆಟವಲ್ಲ ಎಂದು ಗೊತ್ತಾಗಿದ್ದು ಎರಡನೆಯ ವರ್ಷದಲ್ಲಿ. ಪ್ರಾಜೆಕ್ಟ್ ಶುರುವಾಗಿತ್ತು. ನಮ್ಮ ವಿಭಾಗದಲ್ಲಿ ಹುಡುಗರಿಗೆ ಎಂಟು ಗಂಟೆಯವರೆಗೆ ಲ್ಯಾಬು ತೆರೆದಿರುತ್ತಿತ್ತು, ಹುಡುಗಿಯರು ಐದಕ್ಕೆ ಹೊರಡಬೇಕಿತ್ತು. ಗಂಟೆಗಟ್ಟಲೆ ಒಂದೇ ಸಮನೆ ಕುದಿಯಬೇಕಾದ ದ್ರಾವಣವನ್ನು ಅರ್ಧಕ್ಕೆ ಆರಿಸಿ ಬರಬೇಕು, ಇಲ್ಲವೇ ಯಾರಾದರೂ ಹುಡುಗನಿಗೆ ನೋಡಿಕೊಳ್ಳಲು ಹೇಳಿ ಬರಬೇಕು. ಗುಬ್ಬಿಯವಳ ದ್ರಾವಣವನ್ನು ನೋಡಿಕೊಳ್ಳುತ್ತೇನೆಂದವನು ಮರೆತು ಮನೆಗೆ ಹೋದ. ಬೆಳಿಗ್ಗೆ ಫ್ಲಾಸ್ಕಿನ ತಳದಲ್ಲಿ ಕಪ್ಪು ಡಾಂಬರಿನಂಥದ್ದು ಅಂಟಿಕೊಂಡಿತ್ತು. ಅವಳು ಅಳಲಿಲ್ಲ. ಫ್ಲಾಸ್ಕನ್ನು ಉಜ್ಜುತ್ತ, "ಇದನ್ನ ಕೇಳ್ಬೇಕು ಕಣೇ" ಎಂದಳು. ಅವಳ ಬಾಯಿಂದ ಆ ಮಾತು ಬಂದದ್ದು ನನಗೆ ಆಶ್ಚರ್ಯ.

ನಾವು ಮೇಡಂ ಹತ್ತಿರ ಹೋಗಿ, ನೀವೇ ನಮ್ಮ ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಿ ಎಂದು ಕೇಳಿಕೊಂಡೆವು.

"ನಾನು ಬಂದ್ರೆ ವಾರ್ಡನ್ ಜಗಳಕ್ಕೆ ಬಂದ್ರು ಅಂತಾಗುತ್ತೆ. ನಾಳೆ ಎಲ್ಲೋ ಕೆಲಸಕ್ಕೆ ಸೇರ್ತೀರ. ಅಲ್ಲಿಗೂ ನಾನು ಬರ್ತೀನಾ?"

ಆ ಭಾನುವಾರಗಳಲ್ಲಿ ಮೇಡಂ ನಮ್ಮ ಮುಖ್ಯಸ್ಥರಾದರು. ಅಸಲಿಗಿಂತ ಕಟುವಾಗಿದ್ದರು. ಮುಖ್ಯಸ್ಥರಿಗಿರುವ ಭಯ ಹುಡುಗಿಯರು ಕತ್ತಲಾದ ಮೇಲೆ ರಸ್ತೆಯಲ್ಲಿ ನಡೆದು ಹೋಗುವುದರದ್ದು ಎಂದು ಎಲ್ಲರೂ ಊಹಿಸಿದೆವು. ಅದಕ್ಕೆ ಉತ್ತರ ಸಿದ್ಧಮಾಡಿಕೊಂಡೆವು. ಒಬ್ಬೊಬ್ಬರೇ ಹೋಗುವುದಿಲ್ಲ, ಗುಂಪಿನಲ್ಲೇ ಹೋಗುತ್ತೇವೆ, ಹಾಸ್ಟೆಲ್ಲು ಹತ್ತಿರವೇ ಇದೆ, ದಾರಿಯಲ್ಲಿ ದೀಪದ ಕಂಬಗಳಿವೆ. ಎಂಟಕ್ಕೆ ಹಾಸ್ಟೆಲ್ಲಿನ ಬಾಗಿಲು ಹಾಕುವುದರಿಂದ ಏಳೂವರೆಯವರೆಗೆ ಕೇಳುವುದೆಂದಾಯಿತು. ಯಾರು ಮಾತಾಡಬೇಕೆಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು, ನನ್ನದು ಗಟ್ಟಿ ಗಂಟಲು. ಮೇಡಂ ಗುಬ್ಬಿಯವಳ ಕಡೆ ಕೈ ತೋರಿದರು.

"ಇವ್ಳು ಮಾತಾಡಿದ್ರೆ ಅವರು ಮುಂದಕ್ಕೆ ಬಗ್ಗಿ ಕೇಳ್ಬೇಕಾಗುತ್ತೆ. ಬಗ್ಗಿ ಕೇಳೋರಿಗೆ ಗದರಕ್ಕೆ ಕಷ್ಟ."

ಮುಖ್ಯಸ್ಥರು ಕೋಪಿಷ್ಠರೆಂದೇ ಹೆಸರಾಗಿದ್ದರು. ಒಳಗೆ ಹೋದಾಗ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕನ್ನಡಕದ ಮೇಲಿನಿಂದ ನೋಡಿ, "ಏನ್ರಮ್ಮ, ಗುಂಪು ಕಟ್ಕೊಂಡು ಬಂದಿದೀರ" ಎಂದರು.

"ಸರ್, ಸಂಜೆ ಏಳೂವರೆವರೆಗೆ ಲ್ಯಾಬು ನಮಗೂ ಬೇಕು" ಎಂದಳು ಗುಬ್ಬಿಯವಳು.

"ಏನು?"

ನಿಜವಾಗಿಯೂ ಅವರಿಗೆ ಕೇಳಿಸಿರಲಿಲ್ಲ. ಪೆನ್ನು ಕೆಳಗಿಟ್ಟು ಮುಂದಕ್ಕೆ ಬಗ್ಗಿದರು. ಅವಳು ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿ ಸುಮ್ಮನಾದಳು. ಫ್ಯಾನು ಕಿರ್ರೆನ್ನುತ್ತಿತ್ತು. ನನ್ನ ನಾಲಿಗೆಯ ತುದಿಗೆ ಏನೇನೋ ಬಂತು, ಹಲ್ಲು ಕಚ್ಚಿ ತಡೆದುಕೊಂಡೆ.

"ಆಗಲ್ಲಮ್ಮ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ಇಲ್ಲಿ ಅವಳು ರಸ್ತೆಯ ವಿಷಯ ಹೇಳಬೇಕಿತ್ತು. ಹೇಳಲಿಲ್ಲ. "ಏನಾಗುತ್ತೆ ಅಂತ ನಿಮಗೆ ಭಯ ಸರ್?" ಎಂದು ಕೇಳಿಬಿಟ್ಟಳು.

ಅವರು ಗದರುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು ಪತ್ರಿಕೆಗಳ ಮೇಲಿಟ್ಟರು. ಬಹಳ ಹಿಂದೆ, ತಾವು ಹೊಸದಾಗಿ ಕೆಲಸಕ್ಕೆ ಸೇರಿದ್ದ ಬೇರೊಂದು ಊರಿನ ಕಾಲೇಜಿನಲ್ಲಿ, ಸಂಜೆ ಹೊತ್ತು ಒಬ್ಬಳೇ ಲ್ಯಾಬಿನಲ್ಲಿದ್ದ ವಿದ್ಯಾರ್ಥಿನಿಯ ದುಪಟ್ಟಕ್ಕೆ ಬೆಂಕಿ ತಗುಲಿದ್ದನ್ನು ಹೇಳಿದರು. ಅವಳು ಬದುಕಿಕೊಂಡಳು. ಆದರೆ ಆಸ್ಪತ್ರೆಯ ವರಾಂಡದಲ್ಲಿ ಅವಳ ತಂದೆಯ ಎದುರು ಹೋಗಿ ನಿಂತವರು ಇವರು. "ಆಗ ನನ್ನ ಮಗಳು ಇನ್ನೂ ತೊಟ್ಟಿಲಲ್ಲಿದ್ಳು. ಅವತ್ತಿಂದ ಸಂಜೆಯಾದ್ರೆ ನಂಗೆ ಅದೇ ಕಣ್ಣಿಗೆ ಕಟ್ಟುತ್ತೆ" ಎಂದರು. ನಾವು ರಸ್ತೆ, ಗುಂಪು, ದೀಪದ ಕಂಬ ಎಂದು ಕಟ್ಟಿಕೊಂಡು ಬಂದಿದ್ದ ಉತ್ತರಗಳೆಲ್ಲ ಕೆಲಸಕ್ಕೆ ಬಾರದೆ ಹೋದವು.

ಗುಬ್ಬಿಯವಳು ಕೇಳಿದಳು: "ಹುಡುಗರೂ ರಾತ್ರಿವರೆಗೆ ಒಬ್ಬೊಬ್ರೇ ಇರ್ತಾರಲ್ವಾ ಸರ್?"

ಮುಖ್ಯಸ್ಥರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. ಆಮೇಲೆ ಸಣ್ಣಗೆ ನಕ್ಕರು. ಅವರು ನಕ್ಕದ್ದನ್ನು ನಾವು ಅಲ್ಲಿಯವರೆಗೆ ನೋಡಿರಲಿಲ್ಲ.

ಕೊನೆಗೆ ಆದದ್ದು ಹೀಗೆ. ಲ್ಯಾಬು ಎಲ್ಲರಿಗೂ ಏಳೂವರೆವರೆಗೆ. ಹುಡುಗರಾಗಲಿ ಹುಡುಗಿಯರಾಗಲಿ ಒಬ್ಬರೇ ಇರುವಂತಿಲ್ಲ. ಎಲ್ಲರೂ ಕಾಟನ್ ಕೋಟು ಹಾಕಲೇಬೇಕು, ದುಪಟ್ಟ ತೆಗೆದು ಬೀರುವಿನಲ್ಲಿಡಬೇಕು, ಬೆಂಕಿ ಆರಿಸುವ ಸಿಲಿಂಡರನ್ನು ಬಳಸುವುದು ಕಲಿತಿರಬೇಕು. ಹುಡುಗರಿಗೆ ಅರ್ಧ ಗಂಟೆ ಕಡಿಮೆಯಾಯಿತು. ಕೆಲವರು ನಮ್ಮ ಜೊತೆ ಮಾತು ಬಿಟ್ಟರು. ಸಿಲಿಂಡರನ್ನು ಮುಖ್ಯಸ್ಥರೇ ಮೈದಾನಕ್ಕೆ ಹೊರಿಸಿಕೊಂಡು ಹೋಗಿ, ತೆಂಗಿನ ಗರಿಗೆ ಬೆಂಕಿ ಹಚ್ಚಿ, ಒಬ್ಬೊಬ್ಬರೂ ಅದನ್ನು ಆರಿಸುವಂತೆ ಮಾಡಿದರು. ಆ ವರ್ಷ ಬಹಳಷ್ಟು ಸಂಜೆ ಅವರೂ ಉಳಿದುಕೊಳ್ಳುತ್ತಿದ್ದರು. ನಮ್ಮ ಮೇಜಿನ ಹತ್ತಿರ ನಿಂತು, ಬಾಯಿ ತಪ್ಪಿಯೂ ಹೊಗಳದೆ, ಕೆಲಸ ಹೇಳಿಕೊಡುತ್ತಿದ್ದರು. ನಾನು ಲ್ಯಾಬಿನ ಕೆಲಸ ಕಲಿತದ್ದು ಆ ಸಂಜೆಗಳಲ್ಲೇ.

ಹಾಸ್ಟೆಲ್ಲಿಗೆ ಬಂದು ಎಲ್ಲ ಹೇಳಿದಾಗ ಮೇಡಂ ಬೆನ್ನು ತಟ್ಟುತ್ತಾರೆಂದುಕೊಂಡಿದ್ದೆವು. ಅವರು ಗುಬ್ಬಿಯವಳ ಕಡೆ ತಿರುಗಿ, "ಭಯ ಏನು ಅಂತ ನೇರವಾಗಿ ಕೇಳು ಅಂತ ಯಾರು ಹೇಳಿಕೊಟ್ರು?" ಎಂದರು.

"ಯಾರೂ ಇಲ್ಲ ಮೇಡಂ. ಬಾಯಿಗೆ ಬಂತು."

"ನಾನು ಇಷ್ಟು ವರ್ಷ ಊಹೆ ಮಾಡಿ ಅಂತ ಹೇಳಿಕೊಡ್ತಿದ್ದೆ. ಊಹೆ ಪೂರ್ತಿ ತಪ್ಪಾಗಿತ್ತಲ್ಲ. ಕೇಳಿಬಿಡೋದೇ ಸರಿ." ಮುಂದಿನ ಭಾನುವಾರ, ಹೊಸ ಹುಡುಗಿಯರ ಎದುರಿನಲ್ಲಿ ಅವರು ಎರಡನೆಯ ಪಾಠವನ್ನು ಬದಲಾಯಿಸಿದರು. ಇದು ಇವಳು ಹೇಳಿಕೊಟ್ಟಿದ್ದು ಎಂದು ಗುಬ್ಬಿಯವಳನ್ನು ತೋರಿಸಿಯೇ ಹೇಳಿದರು. ನಾನು ಬಹಳ ಮೇಷ್ಟರುಗಳನ್ನು ನೋಡಿದ್ದೇನೆ. ತಮ್ಮ ಪಾಠವನ್ನು ವಿದ್ಯಾರ್ಥಿಯ ಹೆಸರಿನಲ್ಲಿ ತಿದ್ದಿಕೊಂಡವರು ಹೆಚ್ಚಿಲ್ಲ.

ಓದು ಮುಗಿದ ಮೇಲೆ ನನಗೆ ಹಿರೇಹಳ್ಳಿಯಲ್ಲಿ ಬಣ್ಣ ತಯಾರಿಸುವ ಒಂದು ಕಾರ್ಖಾನೆಯಿಂದ ಕರೆ ಬಂತು. ಮ್ಯಾನೇಜರು ಒಳ್ಳೆಯ ಮನುಷ್ಯರೇ. "ಲ್ಯಾಬು ಯಾಕಮ್ಮ, ಘಾಟು, ಗಲೀಜು. ಆಫೀಸಲ್ಲಿ ರೆಕಾರ್ಡ್ಸ್ ನೋಡ್ಕೊಳ್ಳಿ, ಆರಾಮಾಗಿರುತ್ತೆ" ಎಂದರು.

"ನಂಗೆ ಲ್ಯಾಬೇ ಬೇಕು ಸರ್" ಎಂದು ಸುಮ್ಮನಾದೆ. ಅವರು ಪಕ್ಕದಲ್ಲಿದ್ದವರ ಮುಖ ನೋಡಿದರು. ಲ್ಯಾಬಿನಲ್ಲಿದ್ದರೆ ಶಿಫ್ಟ್ ಮುಗಿಯುವುದು ತಡವಾಗುತ್ತದೆ, ಬಸ್ಸಿನ ಗತಿಯೇನು ಎಂದರು. ಕಾರ್ಖಾನೆಯ ವ್ಯಾನು ತುಮಕೂರಿನವರೆಗೆ ಹೋಗುತ್ತದಲ್ಲ, ಅದರಲ್ಲೇ ಬರುತ್ತೇನೆ ಎಂದೆ. ಲ್ಯಾಬು ಸಿಕ್ಕಿತು. ಟ್ರೈನಿ ಎಂದು ಬೇಡ, ಕೆಮಿಸ್ಟ್ ಎಂದೇ ತೆಗೆದುಕೊಳ್ಳಿ ಎಂದು ಕೇಳಿದ್ದು ಸಿಗಲಿಲ್ಲ. ಆರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು. ನೋಡೋಣ ಎನ್ನುವುದನ್ನು ನೇಮಕಾತಿ ಆದೇಶದಲ್ಲಿ ಬರೆಸಿಕೊಂಡು ಬಂದೆ. ಆರು ತಿಂಗಳಾದ ಮೇಲೆ ನಾನೇ ಹೋಗಿ ನೆನಪಿಸಿದೆ, ಕೆಮಿಸ್ಟ್ ಮಾಡಿದರು. ಮೊದಲ ಸಂಬಳದಲ್ಲಿ ಮೇಡಂಗೆ ಒಂದು ಸೀರೆ ಕೊಂಡುಕೊಂಡು ಹೋಗಿದ್ದೆ. ಅಂಗಡಿಯವನು ಹೇಳಿದ ಬೆಲೆಗೇ ತಂದೆಯಾ ಎಂದು ಕೇಳಿದರು. ಹೌದೆಂದೆ. ತಲೆಯ ಮೇಲೆ ಕೈಯಿಟ್ಟುಕೊಂಡರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಕಾರ್ಖಾನೆ ಬಿಟ್ಟು ತುಮಕೂರಿನಲ್ಲೇ ಲೆಕ್ಚರರ್ ಆದೆ. ನನ್ನ ಮನೆ ಕಾಲೇಜಿಗೆ ಹತ್ತಿರ. ಪ್ರತಿ ವರ್ಷ ಹೊಸದಾಗಿ ಬರುವ ಪಿ.ಜಿ. ಹುಡುಗಿಯರಲ್ಲಿ ಯಾರಾದರೂ ಕೆಲವರು ಹಾಸ್ಟೆಲ್ಲು ಸಿಗುವವರೆಗೆ ನಮ್ಮ ಮನೆಯಲ್ಲಿರುತ್ತಿದ್ದರು. ನಾನೂ ಅವರ ಜೊತೆ ಕೌಂಟರಿನವರೆಗೆ ಹೋಗಿ ಹಿಂದೆ ನಿಲ್ಲುತ್ತಿದ್ದೆ. ಹಿಂದೆ ನಿಲ್ಲುವುದು ಎಷ್ಟು ಕಷ್ಟದ ಕೆಲಸ ಎಂದು ಆಗ ತಿಳಿಯಿತು. ಹುಡುಗಿ ತಡವರಿಸುವಾಗ ಮಾತು ನಮ್ಮ ಗಂಟಲವರೆಗೆ ಬಂದಿರುತ್ತದೆ. ಮೇಡಂ ಅದನ್ನು ಅಷ್ಟು ವರ್ಷ ಅಷ್ಟು ಹುಡುಗಿಯರ ಹಿಂದೆ ನಿಂತು ನುಂಗಿಕೊಂಡಿದ್ದರು.

ಆ ದಿನಗಳಲ್ಲೇ ಅವರ ಹಾಸ್ಟೆಲ್ಲನ್ನು ಹೊಸ ಕಟ್ಟಡಕ್ಕೆ ಬದಲಾಯಿಸಿದರು. ವಾರ್ಡನ್ನರನ್ನೂ ಬದಲಾಯಿಸುವುದೆಂದು ಆಡಳಿತದವರು ನಿರ್ಧರಿಸಿದರು. ಮೇಡಂ ಹೋಗಿ, ಈಗಿರುವ ಹುಡುಗಿಯರ ಓದು ಮುಗಿಯುವವರೆಗಾದರೂ ಇರಲು ಬಿಡಿ ಎಂದು ಕೇಳಿದರು. ಎಲ್ಲ ಸರಿಯಾಗಿಯೇ ಕೇಳಿದರು. ಆಗಲಿಲ್ಲ. ಸಾಮಾನು ಕಟ್ಟಲು ನಾನೂ ಗುಬ್ಬಿಯವಳೂ ಹೋದೆವು. ನಮಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ. ಅವರು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತ, "ಈ ಸಲ ನಂಗೆ ಬೇಕು ಅಂತ ಅವ್ರಿಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಅಂದ್ರು. ಹಂಗಾಗುತ್ತೆ ಕಣೇ" ಎಂದರು. ಆಮೇಲೆ ಕುಣಿಗಲ್ಲಿನಲ್ಲಿದ್ದ ತಂಗಿಯ ಮನೆಗೆ ಹೋದರು. ಕೆಲವು ತಿಂಗಳಲ್ಲೇ ಅಲ್ಲಿನ ನರ್ಸಿಂಗ್ ಹೋಮಿನ ನರ್ಸುಗಳು ಭಾನುವಾರ ಅವರ ಮನೆಗೆ ಬರತೊಡಗಿದ್ದಾರೆಂದು ತಂಗಿ ಫೋನಿನಲ್ಲಿ ದೂರಿದರು, ಮನೆಯಲ್ಲಿ ಕೂರಲು ಕುರ್ಚಿಯಿಲ್ಲವಂತೆ.

ಗುಬ್ಬಿಯವಳು ತನ್ನೂರಿನಲ್ಲೇ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಮದುವೆಯಾಗಿ ಕೆಲವು ವರ್ಷದ ಮೇಲೆ ಬಸುರಿಯಾದಳು. ಆ ಕಾಲೇಜಿನಲ್ಲಿ ಬಸುರಿಯಾದ ಹೆಂಗಸರು ರಾಜೀನಾಮೆ ಕೊಟ್ಟು ಹೋಗುವುದು, ಮಗು ದೊಡ್ಡದಾದ ಮೇಲೆ ಜಾಗವಿದ್ದರೆ ಹೊಸಬರಂತೆ ಮತ್ತೆ ಸೇರುವುದು ನಡೆದುಕೊಂಡು ಬಂದಿತ್ತು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ, ಬೇರೆ ಥರ ಬೇಕೆಂದು ಯಾರೂ ಕೇಳಿರಲೂ ಇಲ್ಲ. ಅವಳು ಆಡಳಿತ ಮಂಡಳಿಯ ಸಭೆಗೆ ಹೋಗುವೆನೆಂದಳು. ನನ್ನನ್ನೂ ಬರಹೇಳಿದಳು.

ಮಂಡಳಿಯಲ್ಲಿದ್ದವರೆಲ್ಲ ಊರಿನ ಹಿರಿಯರು. ಅವಳನ್ನು ಚಿಕ್ಕಂದಿನಿಂದ ನೋಡಿದವರು, ಅವಳಪ್ಪನ ಕೈಯಲ್ಲಿ ಶರ್ಟು ಹೊಲಿಸಿಕೊಂಡವರು. ತುಂಬಿದ ಬಸುರಿ ಎದುರು ಬಂದು ನಿಂತದ್ದಕ್ಕೇ ಅವರಿಗೆ ಮುಜುಗರ. ಅಧ್ಯಕ್ಷರು ಕುರ್ಚಿ ಎಳೆದುಕೊಟ್ಟರು.

"ನಂಗೆ ಹೆರಿಗೆ ರಜ ಬೇಕು. ರಜ ಮುಗಿದ ಮೇಲೆ ಇದೇ ಜಾಗ, ಇದೇ ಸರ್ವಿಸ್ಸು ಬೇಕು" ಎಂದಳು. ದನಿ ಮೊದಲಿನಷ್ಟೇ ಸಣ್ಣದು. ಎಲ್ಲರೂ ಮುಂದಕ್ಕೆ ಬಗ್ಗಿದರು.

ಯಾರೂ ಮಾತಾಡಲಿಲ್ಲ. ಅವಳೂ ಮಾತಾಡಲಿಲ್ಲ. ಕೊನೆಗೆ ಅಧ್ಯಕ್ಷರು, "ರಜ ಕೊಡಕ್ಕೆ ನಮ್ದೇನು ಇಲ್ಲ ಕಣವ್ವ. ಪಾಠ ಯಾರು ಮಾಡ್ತಾರೆ? ಪರೀಕ್ಷೆ ಹತ್ರ ಬರ್ತದೆ. ರಿಸಲ್ಟ್ ಬಿದ್ದೋದ್ರೆ ಮುಂದಿನ್ ವರ್ಷ ಮಕ್ಳು ಸೇರಕಿಲ್ಲ" ಎಂದರು.

"ಅದೇ ಭಯಾನಾ ಸಾರ್, ಬೇರೇನಾದ್ರೂ ಇದೆಯಾ?"

"ಅದೇ ದೊಡ್ಡದು."

ಅವಳು ನನ್ನ ಕಡೆ ತೋರಿಸಿದಳು. ನಮ್ಮ ಕಾಲೇಜಿನಲ್ಲಿ ನನ್ನ ತರಗತಿಗಳು ಮಧ್ಯಾಹ್ನದ ಮೇಲೆ ಇರುವಂತೆ ಪ್ರಿನ್ಸಿಪಾಲರನ್ನು ಕೇಳಿ ಒಪ್ಪಿಸಿ ಬಂದಿದ್ದೆ. ವಾರದಲ್ಲಿ ಮೂರು ಬೆಳಿಗ್ಗೆ ನಾನು ಗುಬ್ಬಿಗೆ ಬಂದು ಪಾಠ ಮಾಡುವುದು, ಅವಳು ಹೊರಡುವ ಮೊದಲು ಕಷ್ಟದ ಅಧ್ಯಾಯಗಳನ್ನು ಮುಗಿಸಿಕೊಡುವುದು. ಅಧ್ಯಕ್ಷರ ಮುಖ ಸಡಿಲವಾಯಿತು. ಆದರೆ ಖಜಾಂಚಿ ಒಪ್ಪಲಿಲ್ಲ.

"ಇವತ್ತು ನಿಂಗೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರಲ್ಲವ್ವ?"

"ಕೇಳ್ತಾರೆ ಸಾರ್" ಎಂದಳು. ಮತ್ತೆ ಸುಮ್ಮನಾದಳು.

ಖಜಾಂಚಿ ಇನ್ನೊಂದು ಮಾತಿಗೆ ಕಾದರು. ಅದು ಬರಲೇ ಇಲ್ಲ. ಅವರು ತಮ್ಮ ಪಕ್ಕದವರನ್ನು ನೋಡಿದರು, ಪಕ್ಕದವರು ಕಿಟಕಿಯಾಚೆ ನೋಡಿದರು. ಆಲೋಚನೆ ಮಾಡಿ ತಿಳಿಸುತ್ತೇವೆಂದು ಸಭೆ ಮುಗಿಸಿದರು. ಹೊರಗೆ ಬಂದು ಹೊಂಗೆಮರದ ಕೆಳಗೆ ಕೂತ ಮೇಲೆ ತನಗೆ ಎಷ್ಟು ಹೆದರಿಕೆಯಾಗಿತ್ತೆಂದು ಅವಳು ಹೇಳಿದಳು. ಒಳಗೆ ಅದು ಯಾರಿಗೂ ತಿಳಿದಿರಲಿಲ್ಲ, ಪಕ್ಕದಲ್ಲೇ ಕೂತಿದ್ದ ನನಗೂ.

ಮುಂದಿನ ವಾರ ಹೇಳಿಕಳಿಸಿದರು. ರಜ ಉಂಟು, ಜಾಗ ಉಂಟು, ಸರ್ವಿಸ್ಸು ಮುರಿಯುವುದಿಲ್ಲ. ಸಂಬಳ ಮಾತ್ರ ರಜೆಯ ಅರ್ಧ ಭಾಗಕ್ಕೆ. ಅವಳು ಉಳಿದರ್ಧಕ್ಕೂ ಕೇಳಿದಳು, ಕೊಡಲಿಲ್ಲ. ಮುಂದಿನ ವರ್ಷ ಅದನ್ನು ಮತ್ತೆ ಕೇಳುವುದಾಗಿ ಅವರಿಗೇ ಹೇಳಿ ಒಪ್ಪಿಕೊಂಡಳು.

ಆ ಬೆಳಿಗ್ಗೆಗಳಲ್ಲಿ ನಾನು ಪ್ಯಾಸೆಂಜರ್ ರೈಲಿನಲ್ಲಿ ಗುಬ್ಬಿಗೆ ಹೋಗಿ ಬರುತ್ತಿದ್ದೆ. ಅವಳ ವಿದ್ಯಾರ್ಥಿಗಳಿಗೆ ನನ್ನ ಪಾಠ ಹಿಡಿಸಲಿಲ್ಲ. "ನೀವು ತುಂಬ ಜೋರಾಗಿ ಹೇಳ್ತೀರ ಮಿಸ್. ನಮ್ ಮಿಸ್ಸು ಮೆತ್ತಗೆ ಹೇಳ್ತಾರೆ, ಕೇಳ್ಬೇಕು ಅಂತ ನಾವೇ ಗಲಾಟೆ ನಿಲ್ಲಿಸ್ತೀವಿ" ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು. ನನಗೆ ಬೇಜಾರಾಗಲಿಲ್ಲ. ಹೆಮ್ಮೆಯೇ ಆಯಿತು.

ಅವಳಿಗೆ ಹೆಣ್ಣುಮಗು. ರಜ ಮುಗಿದು ಕೆಲಸಕ್ಕೆ ಮರಳಿದ ತಿಂಗಳು, ಮೇಡಂ ಮಗುವನ್ನು ನೋಡಲು ಕುಣಿಗಲ್ಲಿನಿಂದ ಬಸ್ಸು ಬದಲಾಯಿಸಿಕೊಂಡು ಬಂದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ, ಅದೇ ಕಾಲೇಜಿನ ಗಣಿತದ ಲೆಕ್ಚರರ್ ಬಾಗಿಲಲ್ಲಿ ಬಂದು ನಿಂತಳು. ಅವಳಿಗೂ ಐದು ತಿಂಗಳು. ಖಜಾಂಚಿಯವರು ಹೇಳಿದ್ದು ನಿಜವಾಗಿತ್ತು. ಒಳಗೆ ಬಾ ಎಂದು ಕರೆದು ಮೇಡಂ ಮಗುವನ್ನು ನನ್ನ ಕೈಗೆ ಕೊಟ್ಟರು. ಗಣಿತದ ತರಗತಿಗಳನ್ನು ಯಾರಿಗೆ ಒಪ್ಪಿಸುವುದು, ಉಳಿದರ್ಧ ಸಂಬಳವನ್ನು ಈ ಸಲ ಇಬ್ಬರೂ ಸೇರಿ ಹೇಗೆ ಕೇಳುವುದು ಎಂಬ ಮಾತು ಮೇಡಂ ಹಿಡಿಯಬೇಕಿದ್ದ ಕೊನೆಯ ಬಸ್ಸು ಹೊರಡುವ ಹೊತ್ತಿನವರೆಗೂ ನಡೆಯಿತು.